ಬೆಳ್ಳಿಮೊಗ್ಗಿಗೆ ಕುದಿನೀರು

ಮನೆ, ಅಡುಗೆಮನೆಯ ಮೇಜಿನಿಂದ
ಆಗಸ್ಟ್ ೨೩, ಶನಿವಾರ ಮಧ್ಯಾಹ್ನ

ಪ್ರೀತಿಯ ಅಳಿಲು,

ಹೇಗಿದ್ದೀಯ? ಮರದ ಕೊಂಬೆ ತರಚಿದ್ದ ನಿನ್ನ ಎಡಗೈ ಪೂರ್ತಿ ವಾಸಿಯಾಯಿತಾ? ಸಾಬೂನಿನ ಪುಡಿ ಗಂಟಲಿಗೆ ಹೋಗಿ ಕೆಮ್ಮು ಹತ್ತಿದೆ ಅಂತ ಅಮ್ಮನಿಗೆ ಬರೆದ ಕಾರ್ಡಿನಲ್ಲಿತ್ತು. ಕೆಲಸದ ಹೊತ್ತಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊ. ಕಟ್ಟಿಕೊಳ್ಳುವುದಿಲ್ಲ ಅಂತ ಗೊತ್ತು, ಆದರೂ ಹೇಳುತ್ತಿದ್ದೇನೆ. ಮುಚ್ಚಿದ ಡಬ್ಬಿಯ ಹೊರಗೆ ನಿಂತೇ ಒಳಗೆ ಏನಿದೆ ಅಂತ ಹೇಳುತ್ತಿದ್ದ ಮೂಗು ನಿನ್ನದು. ಅಂಥ ಮೂಗನ್ನು ಸಾಬೂನಿನ ಕಾರ್ಖಾನೆಗೆ ಅಟ್ಟಿದವಳು ನಾನು, ಈಗ ಬಟ್ಟೆ ಕಟ್ಟಿಕೊ ಅನ್ನುವ ಉಪದೇಶ ಬೇರೆ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಕಡಿಮೆಯಾಗಿದೆ. ಬಲಗಣ್ಣಿನ ಆಪರೇಷನ್ ಮುಂದಿನ ತಿಂಗಳು ಮಾಡೋಣ ಅಂತ ಡಾಕ್ಟರು ಅಂದರೆ, ನೋಡಬೇಕಾದ ಮುಖಗಳನ್ನೆಲ್ಲ ನೋಡಿ ಆಯಿತು, ಇನ್ನೇನು ಅವಸರ ಅಂತ ಅವಳೇ ಮುಂದಕ್ಕೆ ಹಾಕುತ್ತಿದ್ದಾಳೆ. ನಿನ್ನ ಭಾವ ಎಂದಿನ ಹಾಗೆ. ಬೀದಿಗೆಲ್ಲ ಕನ್ನಡಕ ಮಾಡಿಕೊಡುವ ಮನುಷ್ಯ, ತಮ್ಮ ಕನ್ನಡಕವನ್ನು ದಿನಕ್ಕೆ ಮೂರು ಸಲ ಹುಡುಕುತ್ತಾರೆ. ನಿನ್ನೆ ಫ್ರಿಜ್ಜಿನೊಳಗೆ ಸಿಕ್ಕಿತು.

ನಿನ್ನ ಕಾರ್ಡುಗಳನ್ನು ಅಮ್ಮನಿಗೆ ಓದಿ ಹೇಳುವವಳು ನಾನೇ ಅಂತ ನಿನಗೆ ಗೊತ್ತು. ಐದು ತಿಂಗಳಲ್ಲಿ ಆರು ಕಾರ್ಡು ಬಂದಿವೆ, ಒಂದೊಂದರಲ್ಲೂ ಮೂರೋ ನಾಲ್ಕೋ ಸಾಲು. ಅಮ್ಮನ ಕಣ್ಣು, ಅಮ್ಮನ ಮಂಡಿ, ಭಾವನ ಅಂಗಡಿ ಎಲ್ಲವನ್ನೂ ವಿಚಾರಿಸುತ್ತೀಯ. ಪಕ್ಕದ ಮನೆಯವರ ಕುಂಟು ನಾಯಿಯನ್ನೂ ಒಮ್ಮೆ ಕೇಳಿದ್ದೆ. ನನ್ನನ್ನು ಮಾತ್ರ ಇಲ್ಲ. ನಾಯಿಯ ಮೇಲೆ ಹೊಟ್ಟೆಕಿಚ್ಚುಪಟ್ಟವಳು ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಕಾರ್ಡು ಮುಗಿದ ಮೇಲೂ ಇನ್ನೇನೋ ಬರಬೇಕಿತ್ತು ಅನ್ನುವ ಹಾಗೆ ಅಮ್ಮ ಮುಖ ಎತ್ತಿಕೊಂಡೇ ಕೂತಿರುತ್ತಾಳೆ. ಅದಕ್ಕೇ 'ಅಕ್ಕನನ್ನು ಕೇಳಿದೆ ಅಂತ ಹೇಳು' ಅನ್ನುವ ಒಂದು ಸಾಲನ್ನು ನಾನೇ ಸೇರಿಸಿ ಓದುತ್ತೇನೆ. ಆರು ಸಲವೂ ಓದಿದ್ದೇನೆ. ಮೊದಲ ಸಲ ನಾಲಿಗೆ ತಡವರಿಸಿತು, ಆಮೇಲಾಮೇಲೆ ಸಲೀಸಾಯಿತು. ಸುಳ್ಳು ಸಲೀಸಾದಾಗ ಮನುಷ್ಯ ಹೆದರಬೇಕು, ಅಲ್ಲವಾ?

ಈಗ ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಕೋಪಿಸಿಕೊಳ್ಳಬೇಡ. ಮಾರ್ಚಿನ ಆ ದಿನ ನಮ್ಮ ಕಂಪನಿಯ ಮೇಜಿನ ಈಚೆ ಬದಿಯಲ್ಲಿ ನಿಂತಿದ್ದ ನಿನಗೆ ಕಂಡದ್ದು ಒಂದು. ಆಚೆ ಬದಿಯಲ್ಲಿ, ನನ್ನೊಳಗೆ ಏನು ನಡೆಯುತ್ತಿತ್ತು ಅನ್ನುವುದು ಇನ್ನೊಂದು. ಅದನ್ನು ಯಾರಾದರೂ ನಿನಗೆ ಹೇಳಬೇಕು. ನನ್ನ ಬಿಟ್ಟರೆ ಅದು ಗೊತ್ತಿರುವವರು ಯಾರೂ ಇಲ್ಲ.

ನೀನು ಎರಡು ವರ್ಷ ಕಾಡು ಸುತ್ತಿದ್ದು ನಮಗೆಲ್ಲ ನಿನ್ನ ಇನ್ನೊಂದು ಹುಚ್ಚಾಗಿತ್ತು. ಫೋಟೋ ಸ್ಟುಡಿಯೋ ಆಯಿತು, ಬಸ್ಸಿನ ಟಿಕೆಟ್ ಕೆಲಸ ಆಯಿತು, ಜೇನುಪೆಟ್ಟಿಗೆ ತಂದಿಟ್ಟು ಭಾವನ ಮೂಗು ಊದಿಸಿದ್ದೂ ಆಯಿತು, ಈಗ ಇದು ಅಂದೆವು. ಮೊದಲು ಅಂದವಳು ನಾನೇ. ತೋಟದಲ್ಲಿ ಸೊಂಟದೆತ್ತರಕ್ಕೆ ಕತ್ತರಿಸಿ ಕತ್ತರಿಸಿ ಗಿಡ್ಡವಾಗಿಡುವ ಚಹಾ ಗಿಡ, ಯಾರ ಕೈಯೂ ತಾಗದೆ ಕಾಡಿನಲ್ಲಿ ಬೆಳೆದರೆ ಮೂರಾಳೆತ್ತರದ ಮರವಾಗುತ್ತದೆ ಅಂತ ನೀನು ಹೇಳಿದಾಗ, ಚಹಾ ಕಂಪನಿಯಲ್ಲಿ ರುಚಿ ನೋಡುವವಳು ನಾನು, ನನಗೆ ಚಹಾ ಪಾಠ ಹೇಳಬೇಡ ಅಂದಿದ್ದೆ. ಚಳಿ ಮುಗಿಯುವ ಹೊತ್ತಿಗೆ, ಎಲೆ ಬಿಚ್ಚುವ ಮೊದಲು, ನೀನು ಆ ಮರಗಳನ್ನು ಹತ್ತಿ ಒಂದೊಂದೇ ಮೊಗ್ಗನ್ನು ಉಗುರು ತಾಗಿಸದೆ ಬಿಡಿಸಿ ತರುತ್ತಿದ್ದೆ. ದಿನವಿಡೀ ಹತ್ತಿ ಇಳಿದರೂ ಎರಡು ಬೊಗಸೆ ತುಂಬುತ್ತಿರಲಿಲ್ಲ. ಮಹಡಿಯ ಕೋಣೆಯಲ್ಲಿ ಅಮ್ಮನ ಹಳೇ ಸೀರೆ ಹಾಸಿ, ಕಿಟಕಿ ಎಷ್ಟು ತೆಗೆಯಬೇಕು ಎಷ್ಟು ಮುಚ್ಚಬೇಕು ಅಂತ ಗಳಿಗೆಗೊಮ್ಮೆ ಓಡಿ ಹೋಗಿ ನೋಡಿ ಒಣಗಿಸುತ್ತಿದ್ದೆ. ಒಣಗಿದ ಮೇಲೆ ಅವು ಬೆಕ್ಕಿನ ಮರಿಯ ಕಿವಿಯ ಹಾಗೆ ಬೆಳ್ಳಿರೋಮ ಹೊದ್ದು ಮಲಗಿರುತ್ತಿದ್ದವು. ಅದನ್ನೆಲ್ಲ ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಚೆನ್ನಾಗಿದೆ ಅಂತ ಒಂದು ಮಾತು ಬಾಯಿಂದ ಬರಲಿಲ್ಲ.

ಕಂಪನಿಗೆ ತರುವ ಹಿಂದಿನ ಸಂಜೆ ನೀನು ಇದೇ ಮೇಜಿನ ಮುಂದೆ ಕೂತು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ನನಗೆ ಹೇಳಿದೆ. ನೀರು ಕುದ್ದ ಮೇಲೆ ಇಳಿಸಬೇಕು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಸಲ ಸುರಿದು ಆರಿಸಬೇಕು, ಮುಚ್ಚಳ ಮುಚ್ಚಬಾರದು, ಎಂಟು ನಿಮಿಷ ಅದರ ಪಾಡಿಗೆ ಬಿಡಬೇಕು. ಇನ್ನೊಂದನ್ನು ನೀನು ಹೇಳಬೇಕಾಗಿರಲಿಲ್ಲ. ತೆಳುವಾದ ಚಹಾವನ್ನು ಮೊದಲು ಕುಡಿಯಬೇಕು, ಗಡುಸಾದದ್ದನ್ನು ಆಮೇಲೆ. ಇದು ನಮ್ಮ ಕೆಲಸದ ಮೊದಲನೇ ದಿನದ ಪಾಠ. ನಾನು ಹೂಂ ಹೂಂ ಅಂದೆ. ನಿನ್ನ ಕಣ್ಣಲ್ಲಿ ಹೊಳಪು ನೋಡಿ ನನಗೂ ಒಳಗೊಳಗೇ ಖುಷಿಯಾಗಿತ್ತು. ಇದನ್ನು ನೀನು ನಂಬಬೇಕು.

ಮಾರನೆಯ ದಿನ ರುಚಿ ನೋಡುವ ಕೋಣೆಯ ಉದ್ದನೆ ಮೇಜಿನ ಮೇಲೆ ಇಪ್ಪತ್ತಾರು ಬಿಳಿ ಬಟ್ಟಲು ಸಾಲಾಗಿದ್ದವು, ಎಲ್ಲವೂ ತೋಟಗಳ ಕಪ್ಪು ಚಹಾ. ಬಹಳ ದೂರದಿಂದ ಬಂದ ಖರೀದಿದಾರರು ಒಂದು ಕಡೆ, ಮ್ಯಾನೇಜರ್ ಇನ್ನೊಂದು ಕಡೆ, ನಡುವೆ ಚಮಚ ಹಿಡಿದು ನಾನು. ಆಗ ನೀನು ಒಳಗೆ ಬಂದೆ. ರಬ್ಬರ್ ಚಪ್ಪಲಿ, ಮೊಣಕೈವರೆಗೆ ತರಚಿದ ಗೀರು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಇವರು ಯಾರು ಅಂತ ಮ್ಯಾನೇಜರ್ ಕೇಳಿದರು. ನಾನು ಬಟ್ಟಲಿನಿಂದ ಮುಖ ಎತ್ತದೆ, 'ಕಾಡಿನ ಕಡೆಯವರು, ಸ್ಯಾಂಪಲ್ ತಂದಿದ್ದಾರೆ' ಅಂದೆ.

ಅದರ ಹಿಂದಿನ ವರ್ಷವೇ ನಮ್ಮ ಹಿರಿಯ ಟೇಸ್ಟರ್ ಒಬ್ಬರನ್ನು, ಹೆಂಡತಿಯ ತಮ್ಮನ ಕಳಪೆ ಮಾಲನ್ನು ಒಳ್ಳೆಯದು ಅಂತ ಬರೆದುಕೊಟ್ಟರು ಅಂತ ಕೆಲಸದಿಂದ ತೆಗೆದಿದ್ದರು. ಅವತ್ತಿನಿಂದ ನಮ್ಮ ಕೋಣೆಯಲ್ಲಿ ಎಲ್ಲರೂ ಎಲ್ಲರ ನಾಲಿಗೆಯನ್ನು ಕಾಯುತ್ತಿದ್ದರು. ಇವನು ನನ್ನ ತಮ್ಮ ಅಂದರೆ ನನ್ನ ಮಾತಿಗೆ ಬೆಲೆ ಹೋಗುತ್ತದೆ, ನಿನ್ನ ಚಹಾಕ್ಕೂ ಅನುಮಾನ ಅಂಟುತ್ತದೆ, ಹಾಗಾಗಿ ಹೇಳಲಿಲ್ಲ ಅಂತ ನಾನು ಎಷ್ಟೋ ದಿನ ನನಗೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದ ಅರ್ಧ ನಿನ್ನ ಚಪ್ಪಲಿ, ನಿನ್ನ ಡಬ್ಬಿ. ಇಸ್ತ್ರಿ ಮಾಡಿದ ಬಿಳಿ ಏಪ್ರನ್ ತೊಟ್ಟು ನಿಂತಿದ್ದ ನನಗೆ ನಾಚಿಕೆಯಾಯಿತು. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅದೇ ನನಗೆ.

ಇನ್ನು ನೀರಿನ ವಿಷಯ. ಗಡಿಬಿಡಿಯಲ್ಲಿ ಮರೆತೆ ಅಂತ ಬರೆದರೆ ನೀನು ನಂಬಿಬಿಡುತ್ತೀಯ, ನಿನ್ನ ಸ್ವಭಾವವೇ ಹಾಗೆ. ನಾನು ಮರೆತಿರಲಿಲ್ಲ. ಕೆಟಲ್ ಕೈಗೆತ್ತಿಕೊಂಡಾಗ ನಿನ್ನ ಮಾತು ಕಿವಿಯಲ್ಲೇ ಇತ್ತು. ಒಬ್ಬ ಗುರುತಿಲ್ಲದವನ ಸ್ಯಾಂಪಲ್ಲಿಗೆ ನೀರು ಆರಿಸುತ್ತಾ ನಿಂತರೆ ಇವಳಿಗೇಕೆ ಇಷ್ಟು ಮುತುವರ್ಜಿ ಅಂತ ಯಾರಾದರೂ ಕೇಳುತ್ತಾರೆ ಅನ್ನಿಸಿತು. ನಿನ್ನ ಬಟ್ಟಲನ್ನು ಇಪ್ಪತ್ತೇಳನೆಯದಾಗಿ ಸಾಲಿನ ಕೊನೆಗಿಟ್ಟೆ. ಕುದಿಯುವ ನೀರನ್ನೇ ಹೊಯ್ದೆ. ಮುಚ್ಚಳ ಮುಚ್ಚಿ ಆರು ನಿಮಿಷ ಬೇಯಿಸಿದೆ. ನೀನು ಗೋಡೆಗೆ ಒರಗಿ ನಿಂತಿದ್ದೆ, ನಾನು ಹೊಯ್ಯುವಾಗ ನಿನ್ನ ಕೈ ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಅದನ್ನೂ ನೋಡಿದೆ. ಇಪ್ಪತ್ತಾರು ಒಗರು ಚಹಾ ಸುರಿದುಕೊಂಡು ಚರ್ಮದ ಹಾಗೆ ಗಟ್ಟಿಯಾಗಿದ್ದ ನಾಲಿಗೆಗೆ ನಿನ್ನ ಚಹಾ ಏನು ತಾನೇ ಹೇಳೀತು? ಖರೀದಿದಾರರು ಒಂದು ಗುಟುಕು ಹೀರಿ ಹುಬ್ಬೇರಿಸಿ ನನ್ನ ಕಡೆ ನೋಡಿದರು. ನಾನು ಹೀರಿ, ಉಗಿದು, 'ಹುಲ್ಲು ತೊಳೆದ ನೀರು' ಅಂದೆ. ಅವರು ನಕ್ಕರು. ಅವರು ನಕ್ಕರು ಅಂತ ಮ್ಯಾನೇಜರ್ ನಕ್ಕರು. ನಾನು ಅದೇ ಮಾತನ್ನು ಸ್ವಲ್ಪ ಗೌರವದ ಭಾಷೆಯಲ್ಲಿ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ.

ನೀನು ಹೇಳಿದ್ದು ಒಂದೇ ಮಾತು.

'ನೀರು ಸ್ವಲ್ಪ ಆರಬೇಕಿತ್ತು, ಮೇಡಂ.'

ಅಳಿಲು, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇವಳು ನನ್ನ ಅಕ್ಕ, ಎಲ್ಲ ಗೊತ್ತಿದ್ದೂ ಹೀಗೆ ಮಾಡುತ್ತಿದ್ದಾಳೆ ಅಂತ ಅಲ್ಲೇ ಹೇಳಿದ್ದರೂ ತಡೆದುಕೊಳ್ಳುತ್ತಿದ್ದೆ. ನಿನ್ನ ಚಹಾವನ್ನು ನಾನು ಸುಟ್ಟ ಗಳಿಗೆಯಲ್ಲೂ ನೀನು ನನ್ನ ಮಾನ ಕಾಪಾಡಿದೆ. ಡಬ್ಬಿಯನ್ನೂ ಮರಳಿ ಕೇಳದೆ ಹೋದೆ. ನಾನು ಸಂಜೆ ಮನೆಗೆ ಬಂದಾಗ ಮಹಡಿಯ ಕೋಣೆ ಗುಡಿಸಿ ಚೊಕ್ಕಟವಾಗಿತ್ತು, ಸೀರೆ ಮಡಿಸಿಟ್ಟಿತ್ತು, ನೀನು ಗೆಳೆಯ ಕರೆದ ಅಂತ ಸಾಬೂನಿನ ಕಾರ್ಖಾನೆಗೆ ಹೊರಟುಹೋಗಿದ್ದೆ.

ಡಬ್ಬಿ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ನಾಲ್ಕು ತಿಂಗಳು ಬಿದ್ದಿತ್ತು. ಎಸೆಯಲು ಮನಸ್ಸು ಬರಲಿಲ್ಲ, ತೆಗೆದು ನೋಡಲು ಧೈರ್ಯ ಬರಲಿಲ್ಲ. ಜುಲೈ ಕೊನೆಗೆ ಕೋಣೆಗೆ ಬಣ್ಣ ಹೊಡೆಸುತ್ತಾರೆ ಅಂತ ಎಲ್ಲರ ಮೇಜು ಖಾಲಿ ಮಾಡಿಸಿದರು. ನನ್ನ ಸಾಮಾನನ್ನೆಲ್ಲ ಒಂದು ಚೀಲಕ್ಕೆ ತುಂಬಿ ಮನೆಗೆ ತಂದೆ. ಬಣ್ಣದ ಕೆಲಸ ಮುಗಿದ ಮೇಲೆ ಬಂದ ಭಾನುವಾರ ಅಮ್ಮ ಸೂಜಿದಾರ ಹುಡುಕುತ್ತಾ ಆ ಚೀಲಕ್ಕೆ ಕೈ ಹಾಕಿದಳು. ಮುಚ್ಚಳ ತೆಗೆದು ಮೂಸಿದವಳೇ ಒಲೆಯ ಮೇಲೆ ನೀರಿಟ್ಟಳು. ನಮ್ಮಮ್ಮನ ಚಹಾ ನಿನಗೆ ಗೊತ್ತಲ್ಲ, ಅರ್ಧ ಹಾಲು, ಅರ್ಧ ಸಕ್ಕರೆ, ಉಳಿದ ಜಾಗದಲ್ಲಿ ಚಹಾ. ಅಂಥವಳು ನೀರನ್ನು ಇಳಿಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು, ಕಣ್ಣು ಕಾಣದ್ದಕ್ಕೆ ಪಾತ್ರೆಯನ್ನು ಕೆನ್ನೆಯ ಹತ್ತಿರ ಹಿಡಿದು ಬಿಸಿ ನೋಡಿ, ಗಾಜಿನ ಲೋಟದಲ್ಲಿದ್ದ ಮೊಗ್ಗಿನ ಮೇಲೆ ನಿಧಾನವಾಗಿ ಬಿಟ್ಟಳು. ನೀನು ತಿಂಗಳುಗಟ್ಟಲೆ ಈ ಅಡುಗೆಮನೆಯಲ್ಲಿ ಮಾಡಿದ್ದನ್ನೆಲ್ಲ ಅವಳು ಕಿವಿಯಿಂದಲೇ ಕಲಿತುಬಿಟ್ಟಿದ್ದಾಳೆ. ಮೊಗ್ಗುಗಳು ಮೊದಲು ತೇಲಿದವು, ಆಮೇಲೆ ಒಂದೊಂದಾಗಿ ನೆಟ್ಟಗೆ ನಿಂತವು, ಆಮೇಲೆ ಯಾವ ಅವಸರವೂ ಇಲ್ಲದೆ ತಳಕ್ಕಿಳಿದವು.

ನೀರಿಗೆ ಬಣ್ಣವೇ ಬರಲಿಲ್ಲ ಅನ್ನಬೇಕು. ಕಿಟಕಿಯ ಬೆಳಕಿಗೆ ಹಿಡಿದರೆ ಒಣಹುಲ್ಲಿನ ಒಂದು ಎಳೆಯಷ್ಟು ಹಳದಿ. ಮೊದಲ ಗುಟುಕಿನಲ್ಲಿ ಏನೂ ಇಲ್ಲ ಅನ್ನಿಸಿತು, ನನ್ನ ಮಾತೇ ಸರಿಯಿತ್ತೇನೋ ಅಂತ ನೀಚ ಮನಸ್ಸು ಒಂದು ಕ್ಷಣ ಹಿಗ್ಗಿತು ಕೂಡ. ನುಂಗಿದ ಮೇಲೆ ಶುರುವಾಯಿತು. ಆಗತಾನೇ ಸೀಳಿದ ಹಸಿ ಕಟ್ಟಿಗೆಯ ವಾಸನೆ ಮೂಗಿನ ಹಿಂದಿನಿಂದ ಬಂತು. ಅದು ಹೋಗುವಷ್ಟರಲ್ಲಿ ಗಂಟಲಿನಲ್ಲಿ ಸಿಹಿ. ಜೇನಿನ ಸಿಹಿ ಅಂತ ನಾವು ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಇದು ಜೇನು ತಿಂದು ಎಷ್ಟೋ ಹೊತ್ತಾದ ಮೇಲೆ, ಬೇರೇನೋ ಮಾಡುತ್ತಿರುವಾಗ, ತುಟಿ ಸವರಿಕೊಂಡರೆ ಸಿಗುವಷ್ಟೇ ಸಿಹಿ. ಒಗರು ಹುಡುಕಿದೆ, ಸಿಗಲಿಲ್ಲ. ಹತ್ತೊಂಬತ್ತು ವರ್ಷ ಚಹಾ ಉಗಿದೇ ಸಂಬಳ ತೆಗೆದುಕೊಂಡವಳು ನಾನು. ಅವತ್ತು ಲೋಟ ಖಾಲಿಯಾಗುವವರೆಗೂ ಕುಡಿದೆ. ನಾನು ಲೋಟ ಇಟ್ಟ ಸದ್ದು ಕೇಳಿ ಅಮ್ಮ, 'ಇದು ಯಾಕೆ ಅವರಿಗೆ ಹಿಡಿಸ್ಲಿಲ್ಲ?' ಅಂದಳು. ನಾನು ಎದ್ದು ಹೋಗಿ ಲೋಟ ತೊಳೆಯುತ್ತಾ ನಿಂತೆ. ತೊಳೆಯಲು ಅದರಲ್ಲಿ ಏನೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಉಳಿದದ್ದನ್ನು ಕಂಪನಿಗೆ ತೆಗೆದುಕೊಂಡು ಹೋದೆ. ಬೇರೆ ಯಾವ ಬಟ್ಟಲಿಗೂ ನೀರು ಬೀಳುವ ಮೊದಲೇ, ನೀನು ಹೇಳಿದ ಹಾಗೆಯೇ ಆರಿಸಿ, ಮುಚ್ಚದೆ, ಎಂಟು ನಿಮಿಷ ಬಿಟ್ಟು ಮ್ಯಾನೇಜರ್ ಮುಂದೆ ಇಟ್ಟೆ. ಅವರು ಕುಡಿದು ಬಟ್ಟಲನ್ನು ನನ್ನ ಕಡೆ ತಳ್ಳಿದರು. ಇನ್ನೊಮ್ಮೆ ನೀರು ಹಾಕಿ ಅಂದರು. ಮೂರನೆಯ ಸಲ ಹಾಕಿದಾಗಲೂ ಅದರಲ್ಲಿ ಜೀವ ಇತ್ತು. ಎಲ್ಲಿಯದು ಅಂತ ಕೇಳಿದರು. ಮಾರ್ಚಿನಲ್ಲಿ ಹುಲ್ಲು ತೊಳೆದ ನೀರು ಅಂದೆನಲ್ಲ, ಅದೇ ಅಂದೆ. ತಂದವನು ನನ್ನ ತಮ್ಮ, ಒಡಹುಟ್ಟಿದವನು, ಅವನು ಹೇಗೆ ಮಾಡಬೇಕು ಅಂತ ಹೇಳಿಕೊಟ್ಟಿದ್ದರೂ ನಾನು ಬೇಕಂತಲೇ ಕುದಿನೀರು ಹಾಕಿದೆ ಅಂತ ಎಲ್ಲರ ಎದುರೇ ಹೇಳಿದೆ. ಮ್ಯಾನೇಜರ್ ಬೈಯಲಿಲ್ಲ. ಬಟ್ಟಲನ್ನು ಕೆಳಗಿಟ್ಟು ಕೇಳಿದರು:

'ಕೆಟ್ಟದ್ದನ್ನ ಒಳ್ಳೇದು ಅಂದೋರನ್ನ ಮನೆಗೆ ಕಳಿಸಿದ್ವಿ. ಒಳ್ಳೇದನ್ನ ಕೆಟ್ಟದ್ದು ಅಂದೋರನ್ನ ಏನು ಮಾಡೋಣ, ನೀವೇ ಹೇಳಿ.'

ರಿಜಿಸ್ಟರಿನಲ್ಲಿ ಮಾರ್ಚಿನ ಆ ಪುಟ ತೆಗೆದು, ನನ್ನ ಹಳೆಯ ಸಾಲಿನ ಕೆಳಗೆ ಹೊಸದಾಗಿ ಬರೆದೆ. ಕಾರಣ ಬರೆಯದೆ ತಿದ್ದುವ ಹಾಗಿಲ್ಲ, ಕಾರಣವನ್ನೂ ಬರೆದೆ. ಈ ವರ್ಷ ಮುಗಿಯುವವರೆಗೆ ನನಗೆ ರುಚಿಯ ಮೇಜಿಲ್ಲ. ಗೋದಾಮಿನಲ್ಲಿ ಮೂಟೆ ತೂಗಿಸುವ ಕೆಲಸ. ಬೆನ್ನು ನೋಯುತ್ತದೆ, ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ. ಭಾವ ನನಗೊಂದು ಸೊಂಟದ ಪಟ್ಟಿ ತಂದುಕೊಟ್ಟು, ಅದನ್ನೂ ಎಲ್ಲೋ ಇಟ್ಟು ಮರೆತಿದ್ದಾರೆ.

ನಿನಗೆ ಸಿಹಿಸುದ್ದಿ ಬರೆಯುವ ಆಸೆ ಬಹಳ ಇತ್ತು. ಖರೀದಿದಾರರಿಗೆ ಮ್ಯಾನೇಜರ್ ಕಾಗದ ಬರೆದರು. ಈ ವರ್ಷದ ಕೊಳ್ಳುವಿಕೆ ಮುಗಿದಿದೆ, ಮುಂದೆ ನೋಡೋಣ ಅಂತ ಎರಡು ಸಾಲಿನ ಉತ್ತರ ಬಂತು. ಡಬ್ಬಿಯಲ್ಲಿ ಒಂದು ಮೊಗ್ಗೂ ಉಳಿದಿಲ್ಲ. ಅಂದರೆ ನಾನು ಹಾಳು ಮಾಡಿದ್ದನ್ನು ನಾನೇ ಸರಿಮಾಡಿ ನಿನ್ನ ಕೈಗಿಡುವ ಹಾಗೆ ಏನೂ ಆಗಲಿಲ್ಲ. ಕಾಡಿಗೆ ಮರಳಿ ಬಾ ಅಂತ ಕರೆಯುವುದಕ್ಕೂ ನನಗೆ ಮುಖವಿಲ್ಲ. ನಿನಗೆ ಅಲ್ಲಿಯ ಕೆಲಸ ಒಗ್ಗಿದ್ದರೆ ಇರು. ನೀನು ಮಾಡಿದ ಚಹಾ ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು, ನಾನು ನನ್ನ ಕೆಲಸದಲ್ಲಿ ಅಂಥದ್ದನ್ನು ಕುಡಿದಿಲ್ಲ. ಮಾರ್ಚಿನಲ್ಲಿ ಹೇಳಬೇಕಾಗಿದ್ದನ್ನು ಆಗಸ್ಟಿನಲ್ಲಿ ಹೇಳುತ್ತಿದ್ದೇನೆ. ಆಗುವುದಾದರೆ ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊ. ಆಗದಿದ್ದರೆ ಆಗದು ಅಂತಲೇ ಇರು, ನನ್ನ ಮೇಲಿನ ಮರುಕಕ್ಕೆ ಹೂಂ ಅನ್ನಬೇಡ. ನೀನು ಹಾಗೆ ಅಂದುಬಿಡುವವನು, ಅದಕ್ಕೇ ಹೇಳಿದೆ.

ಭಾವ ನಿನ್ನನ್ನು ಬಹಳ ಕೇಳಿದ್ದಾರೆ. ದೊಡ್ಡವಳಾದ ತಪ್ಪಿಗೆ ನಾನು ಆಶೀರ್ವಾದ ಅಂತ ಬರೆಯಬೇಕು, ಕೈ ಹಿಂಜರಿಯುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಮ್ಮು ಹೆಚ್ಚಾದರೆ ಡಾಕ್ಟರ ಹತ್ತಿರ ಹೋಗು, ನಿನಗೆ ಎಲ್ಲ ಒಳ್ಳೆಯದಾಗಲಿ. ಇಷ್ಟೇ ನನ್ನಿಂದ ಸಾಧ್ಯ.

ನಿನ್ನ
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಮ್ಮ ಬಂದು ಪಕ್ಕದಲ್ಲಿ ಕೂತು, ಇಷ್ಟು ಹೊತ್ತು ಏನು ಬರೆದೆ, ಓದು ಅಂದಳು. ಕಂಪನಿಯವರ ಮುಂದೆಲ್ಲ ಹೇಳಿದವಳು ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. ನಿನ್ನ ಚಹಾ ಬಂದ ದಿನ ನಾನು ರಜೆಯಲ್ಲಿದ್ದೆ, ಬೇರೆ ಯಾರೋ ರುಚಿ ನೋಡಿದರು ಅಂತ ಇಷ್ಟು ದಿನ ನಂಬಿದ್ದಳು. ನಾನೇ ನಂಬಿಸಿದ್ದು. ನೀನೂ ಬಾಯಿ ಬಿಟ್ಟಿರಲಿಲ್ಲ. ಈಗ ಪೂರ್ತಿ ಓದಿ ಹೇಳಿದೆ, ಕಾರ್ಡಿನ ವಿಷಯವನ್ನೂ ಬಿಡದೆ. ನೀನು ಮೇಡಂ ಅಂದ ಜಾಗವನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ಸೆರಗಿನ ಅಂಚು ಮಡಿಸುತ್ತಾ, 'ಕಾಗದ ಹಾಕು. ಅದರ ಹಿಂದೇನೇ ನೀನೂ ಹೋಗು' ಅಂದಳು. ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಕಾಗದ ನಿನಗೆ ಬುಧವಾರ ಸಿಗಬಹುದು. ಮುಂದಿನ ಶನಿವಾರ ಮಧ್ಯಾಹ್ನ ಎರಡಕ್ಕೆ ನಿನ್ನ ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಮುಂದಿನ ಗೇಟಿನಲ್ಲಿ ಇರುತ್ತೇನೆ. ಹಿಂದೆಯೂ ಒಂದು ಗೇಟು ಇದೆ ಅಂತ ಯಾವುದೋ ಕಾರ್ಡಿನಲ್ಲಿ ನೀನೇ ಬರೆದಿದ್ದೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಅಲ್ಲಿಂದ ಹೋಗು. ಐದರವರೆಗೆ ಕಾದು, ವಾಪಸು ಬಂದು, ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.